ಪರದೇಶದಲ್ಲಿ ನಮ್ಮ ನಟನಿಗೆ ಪಾತ್ರ ಬರೆಯುವವರು ಯಾರು?

1930ರ ದಶಕದಲ್ಲಿ ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾನ ಕಂಪನಿಯಲ್ಲಿ ಭಾರತದಲ್ಲಿ ಹುಟ್ಟಿದ ಇಬ್ಬರು ಕಲಾವಿದರಿದ್ದರು. ಒಬ್ಬ ಮೈಸೂರು ಸಂಸ್ಥಾನದ ಕಾರಾಪುರದ ಮಾವುತನ ಮಗ ಸಾಬು. ಇನ್ನೊಬ್ಬಾಕೆ ಮುಂಬಯಿಯಲ್ಲಿ ಹುಟ್ಟಿ ಕಲ್ಕತ್ತೆಯಲ್ಲಿ ಬೆಳೆದ ಆಂಗ್ಲೋ-ಇಂಡಿಯನ್ ಹುಡುಗಿ ಮರ್ಲ್ ಓಬೆರಾನ್. ಮಹಾರಾಜರ ಆನೆ ಲಾಯದಿಂದ ಬಂದ ಹುಡುಗ ಎಂದು ಸಾಬುವಿನ ಹುಟ್ಟನ್ನು ಕಂಪನಿ ಪ್ರಚಾರದಲ್ಲಿ ಮೆರೆಸಿತು. ಓಬೆರಾನ್ ವಿಷಯದಲ್ಲಿ ಆದದ್ದು ಇದರ ತದ್ವಿರುದ್ಧ. ತಾನು ಹುಟ್ಟಿದ್ದು ಟಾಸ್ಮೇನಿಯಾದಲ್ಲಿ ಎಂದು ಆಕೆ ಜಗತ್ತನ್ನು ನಂಬಿಸಿದಳು. ಅದೇ ನಂಬಿಕೆಯ ನೆರಳಿನಲ್ಲಿ 1939ರ ‘ವುದರಿಂಗ್ ಹೈಟ್ಸ್’ ಚಿತ್ರದ ನಾಯಕಿಯಾದಳು, ಕೋರ್ಡಾನ ಹೆಂಡತಿಯೂ ಆದಳು. ನಿಜ ಸಂಗತಿ ಹೊರಬಿದ್ದದ್ದು 1979ರಲ್ಲಿ ಆಕೆ ತೀರಿಕೊಂಡ ಮೇಲೆ.

ಒಂದೇ ಕಾಲ, ಒಬ್ಬನೇ ಧಣಿ. ಒಬ್ಬನಿಗೆ ಹುಟ್ಟೇ ಬಂಡವಾಳ, ಇನ್ನೊಬ್ಬಳಿಗೆ ಅದೇ ಗಂಡಾಂತರ. ಈ ವ್ಯತ್ಯಾಸಕ್ಕೂ ಅವರಿಬ್ಬರ ಪ್ರತಿಭೆಗೂ ಯಾವ ಸಂಬಂಧವೂ ಇರಲಿಲ್ಲ. ಆ ದೇಶ ಆಗ ಹೇಳಿಕೊಳ್ಳುತ್ತಿದ್ದ ಕಥೆಗಳಲ್ಲಿ ಆನೆಯ ಮೇಲೆ ಕೂತ ಕಂದುಬಣ್ಣದ ಹುಡುಗನಿಗೆ ಜಾಗವಿತ್ತು, ಪ್ರೇಮಕಥೆಯ ನಾಯಕಿಯಾಗುವ ಮಿಶ್ರರಕ್ತದ ಹೆಣ್ಣಿಗೆ ಇರಲಿಲ್ಲ. ಹಾಗಾಗಿ ಒಬ್ಬ ತಾನಾಗಿಯೇ ಉಳಿಯಬೇಕಾಯಿತು, ಇನ್ನೊಬ್ಬಳು ತಾನಲ್ಲದವಳಾಗಿ ಬದುಕಬೇಕಾಯಿತು.

ನಟನೆಯನ್ನೇ ಬದುಕಾಗಿಸಿಕೊಳ್ಳಲು ಲಂಡನ್ನಿಗೋ ಲಾಸ್ ಏಂಜಲಿಸ್‌ಗೋ ಹೊರಡುವ ಹುಡುಗ ಹುಡುಗಿಯರು ಇಂದು ನಮ್ಮ ನಡುವೆ ಕಡಿಮೆಯಿಲ್ಲ. ಅವರೂ ಅವರ ತಂದೆತಾಯಿಯರೂ ಸಾಮಾನ್ಯವಾಗಿ ಕೇಳಿಕೊಳ್ಳುವ ಪ್ರಶ್ನೆಗಳು ಎರಡು: ಪ್ರತಿಭೆ ಇದೆಯೇ? ದುಡ್ಡಿದೆಯೇ? ಎರಡೂ ಬೇಕಾದ ಪ್ರಶ್ನೆಗಳೇ. ಆದರೆ ಅವುಗಳಿಗಿಂತ ಮೊದಲು ಕೇಳಬೇಕಾದದ್ದು ಇನ್ನೊಂದಿದೆ. ಆ ಸಮಾಜದ ಕಥೆಗಳಲ್ಲಿ ನಮ್ಮಂಥವರು ಇಂದು ಯಾರಾಗಿದ್ದಾರೆ, ಮತ್ತು ಆ ಕಥೆಗಳನ್ನು ಬರೆಯುತ್ತಿರುವವರು ಯಾರು? ಪರದೇಶದಲ್ಲಿ ನಟನ ಹಣೆಬರಹವನ್ನು ತೀರ್ಮಾನಿಸುವುದು ಹೆಚ್ಚಾಗಿ ಈ ಪ್ರಶ್ನೆಯೇ ಎಂಬುದು ನನ್ನ ವಾದ.

ಡಾಕ್ಟರು ದೇಶ ಬಿಟ್ಟು ದೇಶಕ್ಕೆ ಹೋದರೆ ಹೊಸ ಪರೀಕ್ಷೆ ಬರೆಯಬೇಕಾಗಬಹುದು. ಆದರೆ ಹೃದಯ ಇರುವ ಜಾಗ ಬದಲಾಗುವುದಿಲ್ಲ. ನಟನ ಕಸುಬು ಹಾಗಲ್ಲ, ಅದು ನಡೆಯುವುದು ನೋಡುವವರ ನೆನಪಿನೊಳಗೆ. ನಮ್ಮ ಹಳ್ಳಿಯ ಕಥೆಯೊಂದರಲ್ಲಿ, ಪಂಚೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ ನಡೆದು ಬರುತ್ತಿದ್ದವನೊಬ್ಬ ಜಗುಲಿಯ ಮೇಲೆ ಕೂತ ಗೌಡರನ್ನು ಕಂಡು ಸರಕ್ಕನೆ ಪಂಚೆ ಇಳಿಬಿಟ್ಟ ಎನ್ನಿ. ಮಾತು ಶುರುವಾಗುವ ಮೊದಲೇ ಕನ್ನಡದ ಪ್ರೇಕ್ಷಕನಿಗೆ ಅರ್ಧ ಕಥೆ ತಿಳಿದುಹೋಗುತ್ತದೆ. ಇವನ ಜಾತಿ, ಅವನ ಜಮೀನು, ಇಬ್ಬರ ನಡುವಿನ ಸಾಲ, ಬಹುಶಃ ಇವನ ಮನಸ್ಸಿನೊಳಗಿನ ಕುದಿತವೂ. ಪಂಚೆ ಇಳಿಬಿಡುವಾಗ ನಟ ಅರೆಕ್ಷಣ ತಡಮಾಡಿದರೆ ಅದೊಂದು ಬಂಡಾಯ. ಅದೇ ನಟ ಅದೇ ಕೆಲಸವನ್ನು ಲಂಡನ್ನಿನ ರಂಗದ ಮೇಲೆ ಮಾಡಿದರೆ ಜನ ನೋಡುವುದು ಒಬ್ಬಾತ ಬಟ್ಟೆ ಸರಿಮಾಡಿಕೊಂಡದ್ದನ್ನು ಮಾತ್ರ. ನಟನ ಕೌಶಲ ಕುಂದಿಲ್ಲ. ಅದನ್ನು ಓದಬಲ್ಲ ಕಣ್ಣು ಎದುರಿಗಿಲ್ಲ.

ಪರದೇಶದ ಕಷ್ಟವೆಂದರೆ ಇಂಗ್ಲಿಷ್ ಉಚ್ಚಾರಣೆಯ ಕಷ್ಟ ಎಂದು ತಿಳಿಯುವವರುಂಟು. ಅದು ಸುಳ್ಳಲ್ಲ. ಇಂಗ್ಲಿಷಿನಲ್ಲಿ ತುಟಿ ದುಂಡಗೆ ಮಾಡಿ ಹೇಳುವ ಸದ್ದು ಬೇರೆ, ಕೆಳತುಟಿಗೆ ಹಲ್ಲು ತಾಗಿಸಿ ಹೇಳುವ ಸದ್ದು ಬೇರೆ. ನಾವು ಎರಡನ್ನೂ ಒಂದೇ ‘ವ’ಕಾರದಲ್ಲಿ ಮುಗಿಸುತ್ತೇವೆ. ನಮ್ಮ ‘ಟ’ಕಾರಕ್ಕೆ ನಾಲಿಗೆ ಹಿಂದಕ್ಕೆ ಮಡಚುತ್ತದೆ, ಅವರದ್ದು ಹಲ್ಲಿನ ಹಿಂದಿನ ಒಸಡಿಗೆ ತಾಗುತ್ತದೆ. ಇವುಗಳಿಗಿಂತ ಕಠಿಣವಾದದ್ದು ಲಯ. ನಾವು ಹೆಚ್ಚುಕಡಿಮೆ ಎಲ್ಲ ಅಕ್ಷರಕ್ಕೂ ಸಮನಾದ ತೂಕ ಕೊಡುತ್ತೇವೆ. ಇಂಗ್ಲಿಷ್ ಒಂದು ಅಕ್ಷರವನ್ನು ಗುದ್ದಿ ಉಳಿದದ್ದನ್ನು ನುಂಗುತ್ತದೆ. ಆದರೆ ಇದೆಲ್ಲ ಒಳ್ಳೆಯ ಗುರುವಿನ ಕೈಕೆಳಗೆ ವರ್ಷ ಎರಡು ವರ್ಷ ಬೆವರು ಸುರಿಸಿದರೆ ಕೈವಶವಾಗುವ ವಿದ್ಯೆ. ಉಚ್ಚಾರಣೆ ತಿದ್ದಿಕೊಂಡ ಮೇಲೂ ಯಾವ ಪಾತ್ರ ಸಿಗುತ್ತದೆ ಎಂಬುದು ಇನ್ನೊಬ್ಬರ ಕೈಯಲ್ಲಿ ಉಳಿಯುತ್ತದಲ್ಲ, ತೊಡಕು ಅಲ್ಲಿದೆ.

ಸಾಬುವಿನ ಬದುಕನ್ನೇ ನೋಡಿ. ‘ನಾನೂಕ್ ಆಫ್ ದಿ ನಾರ್ತ್’ ಖ್ಯಾತಿಯ ರಾಬರ್ಟ್ ಫ್ಲಾಹರ್ಟಿ ಕೋರ್ಡಾನಿಗಾಗಿ ಮೈಸೂರಿಗೆ ಬಂದು, ಕಿಪ್ಲಿಂಗನ ಕಥೆಯೊಂದನ್ನು ಆಧರಿಸಿ ‘ಎಲಿಫೆಂಟ್ ಬಾಯ್’ ಚಿತ್ರೀಕರಿಸಿದ. 1937ರಲ್ಲಿ ಅದು ತೆರೆಕಂಡಾಗ ಅದರ ನಾಯಕ ಸಾಬುವಿಗೆ 13 ವರ್ಷ. ಕರೆದವರೇ ಕರೆದುಕೊಂಡು ಹೋದರು, ಅಂದರೆ ಅವಕಾಶ ಹುಡುಕಿ ಅಲೆಯುವ ಕಷ್ಟ ಅವನಿಗೆ ಬರಲೇ ಇಲ್ಲ. 1940ರ ‘ದಿ ಥೀಫ್ ಆಫ್ ಬಾಗ್ದಾದ್’, 1942ರ ‘ಜಂಗಲ್ ಬುಕ್’ ಅವನನ್ನು ಜಗದ್ವಿಖ್ಯಾತನನ್ನಾಗಿ ಮಾಡಿದವು. ಅಮೆರಿಕದ ಪ್ರಜೆಯಾದ, ಎರಡನೇ ಮಹಾಯುದ್ಧದಲ್ಲಿ ಅಲ್ಲಿನ ಬಾಂಬರ್ ವಿಮಾನಗಳ ಬಾಲದ ತುದಿಯಲ್ಲಿ ಕೂತು ಗನ್ ಹಿಡಿದ, ಪದಕವನ್ನೂ ಪಡೆದ.

ಇಷ್ಟಾದರೂ ಪಾತ್ರಗಳು ಎಲ್ಲಿಗೆ ಬಂದು ನಿಂತವು? 1942ರ ‘ಅರೇಬಿಯನ್ ನೈಟ್ಸ್’ನಲ್ಲಿ ಬಾಗ್ದಾದಿನ ಖಲೀಫನಾದವನು ಜಾನ್ ಹಾಲ್ ಎಂಬ ಅಮೆರಿಕನ್ ನಟ. ಸಾಬು ಅವನ ನೆರವಿಗೆ ಬರುವ ಚುರುಕು ಹುಡುಗ. 1947ರ ‘ಬ್ಲ್ಯಾಕ್ ನಾರ್ಸಿಸಸ್’ ಹಿಮಾಲಯದ ಕಥೆ. ಅದರಲ್ಲಿ ಸಾಬು ಯುವ ರಾಜಕುಮಾರ. ಅವನ ಮನಸ್ಸು ಕದಿಯುವ ಕಾಂಚಿ ಎಂಬ ಸ್ಥಳೀಯ ಹುಡುಗಿಯಾಗಿ ಕಂದುಬಣ್ಣ ಬಳಿದುಕೊಂಡು ನಟಿಸಿದವಳು ಇಂಗ್ಲೆಂಡಿನ ಜೀನ್ ಸಿಮನ್ಸ್. ಅಸಲಿ ಭಾರತೀಯನ ಎದುರಿಗೆ ನಕಲಿ ಭಾರತೀಯಳನ್ನು ಕೂರಿಸಿದ ಆ ದೃಶ್ಯದಲ್ಲಿ ಆ ಕಾಲದ ಚಿತ್ರೋದ್ಯಮದ ಮನಸ್ಸು ಸ್ಪಷ್ಟವಾಗಿ ಕಾಣುತ್ತದೆ. ಹುಡುಗನಿಗೆ ಪಾತ್ರ ಬರೆಯಲು ಅವರಿಗೆ ಬರುತ್ತಿತ್ತು. ಅದೇ ಹುಡುಗ ಮದುವೆಯಾಗಿ, ಮಕ್ಕಳ ತಂದೆಯಾಗಿ, ಸಂಸಾರ ತೂಗಿಸುವ ಗಂಡಸಾದಾಗ ಅವನನ್ನು ಏನು ಮಾಡಬೇಕೆಂದು ಅವರಿಗೆ ಹೊಳೆಯಲಿಲ್ಲ. 1952ರಲ್ಲಿ ಅವನು ಲಂಡನ್ನಿನ ಸರ್ಕಸ್ಸೊಂದರಲ್ಲಿ ಆನೆಗಳ ಜೊತೆ ಕಾಣಿಸಿಕೊಂಡ. ಇತ್ತ ಮೆಹಬೂಬ್ ಖಾನ್ ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ಅವನನ್ನು ಕರೆಸಿಕೊಂಡಿದ್ದರು. ಚಿತ್ರೀಕರಣ ತಡವಾಗಿ, ಕೆಲಸದ ಪರವಾನಗಿಯ ತೊಡಕೂ ಸೇರಿ ಅದು ಕೈತಪ್ಪಿತು. ಪಾತ್ರ ಸುನಿಲ್ ದತ್ ಅವರಿಗೆ ಹೋಯಿತು. ಹುಟ್ಟಿದ ನೆಲದಲ್ಲಿ ದುಡಿಯಲು ಪರವಾನಗಿ ಬೇಕಾದವನು, ದುಡಿದ ನೆಲದಲ್ಲಿ ಹುಟ್ಟಿನ ಗುರುತನ್ನಷ್ಟೇ ಮಾರಬೇಕಾದವನು. 1963ರಲ್ಲಿ, 39ನೇ ವಯಸ್ಸಿಗೆ, ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಳ್ಳುವವರೆಗೂ ಅವನು ಒಂದೇ ಒಂದು ಭಾರತೀಯ ಚಿತ್ರದಲ್ಲೂ ನಟಿಸಲಿಲ್ಲ.

ಅದು ಸಾಮ್ರಾಜ್ಯದ ಕಾಲ, ಈಗ ಹಾಗಿಲ್ಲ ಎಂದು ಯಾರಾದರೂ ಹೇಳಬಹುದು. ಹೌದು, ಬದಲಾಗಿದೆ. ಆದರೆ ಹೇಗೆ ಬದಲಾಯಿತು ಎಂಬುದನ್ನು ಗಮನಿಸಬೇಕು. ಸಯೀದ್ ಜಾಫ್ರಿ ದೆಹಲಿಯ ಆಕಾಶವಾಣಿ ಮತ್ತು ರಂಗಭೂಮಿಯಲ್ಲಿ ಪಳಗಿ, 1950ರ ದಶಕದಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಅಮೆರಿಕಕ್ಕೆ ಹೋಗಿ, ಆಮೇಲೆ ಲಂಡನ್ನಿನಲ್ಲಿ ನೆಲೆಸಿದವರು. ರೋಶನ್ ಸೇಠ್ ಲಂಡನ್ನಿನಲ್ಲೇ ನಟನೆ ಕಲಿತವರು. ಪಾತ್ರಗಳ ಬರದಿಂದ ಬೇಸತ್ತು ದೆಹಲಿಗೆ ಮರಳಿ ಸಂಪಾದಕರ ಕೆಲಸ ಹಿಡಿದಿದ್ದರು. 1982ರ ‘ಗಾಂಧಿ’ಗಾಗಿ ರಿಚರ್ಡ್ ಅಟೆನ್‌ಬರೋ ಅವರನ್ನು ನೆಹರೂ ಪಾತ್ರಕ್ಕೆ ಆರಿಸಿದರು. ಜಾಫ್ರಿ ಅದರಲ್ಲಿ ಸರ್ದಾರ್ ಪಟೇಲ್. ಇಬ್ಬರೂ ಅಪ್ಪಟ ಕಲಾವಿದರೇ. ಆದರೂ ಅಲ್ಲಿ ಅವರು ಇತಿಹಾಸದ ಪುಟದಿಂದ ಇಳಿದು ಬಂದ ದೊಡ್ಡವರು, ಬ್ರಿಟನ್ನಿನ ಬೀದಿಯಲ್ಲಿ ಎದುರಾಗುವ ಮನುಷ್ಯರಲ್ಲ.

ಮೂರು ವರ್ಷ ಬಿಟ್ಟು, 1985ರಲ್ಲಿ, ‘ಮೈ ಬ್ಯೂಟಿಫುಲ್ ಲಾಂಡ್ರೆಟ್’ ಬಂತು. ಬರೆದವನು ಹನೀಫ್ ಕುರೇಶಿ. ಪಾಕಿಸ್ತಾನಿ ಮೂಲದ ತಂದೆ, ಇಂಗ್ಲಿಷ್ ತಾಯಿ, ಲಂಡನ್ನಿನ ಅಂಚಿನ ಬ್ರೋಮ್ಲಿಯಲ್ಲಿ ಬಾಲ್ಯ. ಅದೇ ಜಾಫ್ರಿ ಇಲ್ಲಿ ದುಡ್ಡು ಮಾಡುವ, ಪ್ರೇಯಸಿಯೊಬ್ಬಳನ್ನು ಇಟ್ಟುಕೊಂಡ, ನಗಿಸುವ, ಅಸಹ್ಯವನ್ನೂ ಹುಟ್ಟಿಸುವ ನಾಸಿರ್. ಅದೇ ಸೇಠ್ ಹಾಸಿಗೆ ಹಿಡಿದ, ಕುಡಿಯುವ, ಒಂದು ಕಾಲದಲ್ಲಿ ಪತ್ರಕರ್ತನಾಗಿದ್ದ ಎಡಪಂಥೀಯ ಅಪ್ಪ. ಇವರು ಸಂತರಲ್ಲ, ಮಹಾರಾಜರಲ್ಲ, ಹಾವಾಡಿಗರೂ ಅಲ್ಲ. ಒಳ್ಳೆಯತನ ಕೆಟ್ಟತನ ಎರಡೂ ಇರುವ ಮನುಷ್ಯರು. ಮೂರು ವರ್ಷದಲ್ಲಿ ಇವರ ನಟನೆ ಸುಧಾರಿಸಿತು ಎಂದು ಯಾರೂ ಹೇಳಲಾರರು. ಅವರಿಬ್ಬರನ್ನೂ ಒಳಗಿನಿಂದ ಬಲ್ಲ ಬರಹಗಾರ ಬಂದಿದ್ದ, ಅಷ್ಟೆ.

1999ರ ‘ಈಸ್ಟ್ ಈಸ್ ಈಸ್ಟ್’ ಕಥೆಯೂ ಇಂಥದ್ದೇ. ಅದನ್ನು ಬರೆದ ಅಯೂಬ್ ಖಾನ್-ದಿನ್ ಮೂಲತಃ ನಟ. ಸಾಲ್ಫರ್ಡಿನ ತನ್ನ ಮನೆಯನ್ನೇ, ತನ್ನ ತಂದೆಯನ್ನೇ ನೆನೆದು ಮೊದಲು ನಾಟಕವಾಗಿ, ಆಮೇಲೆ ಚಿತ್ರಕಥೆಯಾಗಿ ಬರೆದ. ಮೀನು ಕರಿದು ಮಾರುವ ಅಂಗಡಿಯ ಆ ಸಿಡುಕು ಅಪ್ಪನ ಪಾತ್ರ ಓಂ ಪುರಿಯವರಿಗೆ ಸಿಕ್ಕಿತು, ಬಾಫ್ಟಾ ನಾಮನಿರ್ದೇಶನವೂ ಬಂತು. ಗಮನಿಸಿ, ಓಂ ಪುರಿ ಬ್ರಿಟನ್ನಿಗೆ ವಲಸೆ ಹೋದವರಲ್ಲ. ಬರೆದ ಪಾತ್ರ ನಟನನ್ನು ಹುಡುಕಿಕೊಂಡು ಮುಂಬಯಿಗೆ ಬಂತು. ಅಮೆರಿಕದಲ್ಲಿ ಮಿಂಡಿ ಕೇಲಿಂಗ್, ಅಜೀಜ್ ಅನ್ಸಾರಿ ಅವರಂಥ ವಲಸಿಗರ ಮಕ್ಕಳು ಮಾಡಿದ್ದೂ ಇದೇ. ಅಭಿನಯಿಸುವವರೇ ಬರೆಯಲು ಕೂತರು. ತಮಗೂ ತಮ್ಮಂಥವರಿಗೂ ಬಾಗಿಲು ತೆರೆದರು. 2020ರ ‘ನೆವರ್ ಹ್ಯಾವ್ ಐ ಎವರ್’ ಸರಣಿಯ ತಮಿಳು ಮನೆಯ ಹುಡುಗಿಯ ಪಾತ್ರಕ್ಕೆ ಸುಮಾರು 15,000 ಮಂದಿ ಅರ್ಜಿ ಹಾಕಿದರು, ಕೆನಡಾದ ಮೈತ್ರೇಯಿ ರಾಮಕೃಷ್ಣನ್ ಆಯ್ಕೆಯಾದರು. ಅಷ್ಟು ಜನ ಕಾಯುತ್ತಿದ್ದರು ಎಂದರೆ ಪ್ರತಿಭೆಗೆ ಎಂದೂ ಬರವಿರಲಿಲ್ಲ, ಬರವಿದ್ದದ್ದು ಪಾತ್ರಕ್ಕೆ.

ನನ್ನ ವಾದಕ್ಕೆ ನಮ್ಮ ಪಕ್ಕದಲ್ಲೇ ಒಂದು ಗಟ್ಟಿ ಆಕ್ಷೇಪಣೆ ಇದೆ. ಬೆಂಗಳೂರಿನ ಬಿ. ಸರೋಜಾದೇವಿ ತಮಿಳರ ಮನೆಮಗಳಾಗಲಿಲ್ಲವೇ? ಅವರ ತಮಿಳಿನಲ್ಲಿ ಕನ್ನಡದ ಧಾಟಿ ಇಣುಕುತ್ತಿತ್ತು. ತಮಿಳರು ಅದನ್ನು ಕೊರತೆ ಎನ್ನದೆ ‘ಕನ್ನಡದ ಗಿಳಿ’ ಎಂದು ಮುದ್ದು ಮಾಡಿದರು. ಬೆಂಗಳೂರಿನ ಬಸ್ ಕಂಡಕ್ಟರ್ ಒಬ್ಬರು ಮದ್ರಾಸಿನ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿ, ಕೆ. ಬಾಲಚಂದರ್ ಅವರ ಕಣ್ಣಿಗೆ ಬಿದ್ದು, 1975ರಲ್ಲಿ ‘ಅಪೂರ್ವ ರಾಗಂಗಳ್’ ಮೂಲಕ ರಜನೀಕಾಂತ್ ಆಗಲಿಲ್ಲವೇ? ಆದರು. ಆದರೆ ಬೆಂಗಳೂರಿಗೂ ಮದ್ರಾಸಿಗೂ ನಡುವೆ ರಾಮಾಯಣ ಒಂದೇ, ಅತ್ತೆ-ಸೊಸೆ ಜಗಳ ಒಂದೇ, ದೊಡ್ಡವರ ಎದುರು ದನಿ ತಗ್ಗಿಸುವ ರೀತಿಯೂ ಒಂದೇ. ಭಾಷೆ ಬದಲಾದರೂ ನೋಡುಗರ ನೆನಪಿನ ಭಂಡಾರ ಹೆಚ್ಚು ಬದಲಾಗಲಿಲ್ಲ. ಪಂಚೆ ಇಳಿಬಿಟ್ಟರೆ ಮಧುರೆಯವನಿಗೂ ಅರ್ಥವಾಗುತ್ತದೆ.

ಇನ್ನು ಕನ್ನಡ ಚಿತ್ರರಂಗ ತಾನೇ ವಲಸೆಯಲ್ಲಿ ಬೆಳೆದದ್ದು. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತಯಾರಾದದ್ದು ಕೊಲ್ಹಾಪುರದಲ್ಲಿ. ಡಾ. ರಾಜ್‌ಕುಮಾರ್ ನಾಯಕರಾಗಿ ಬಂದ 1954ರ ‘ಬೇಡರ ಕಣ್ಣಪ್ಪ’ದ ಕಾಲಕ್ಕೆ ನಮ್ಮವರ ಬಿಡಾರ ಮದ್ರಾಸು. ಆದರೆ ಅಂದು ಹೋದದ್ದು ನಟನೊಬ್ಬನೇ ಅಲ್ಲ. ಕಂಪನಿ ನಾಟಕಗಳಲ್ಲಿ ಪಳಗಿದ ಬರಹಗಾರರು, ಹಾಡು ಬರೆಯುವವರು, ನಿರ್ದೇಶಕರು ಎಲ್ಲ ಗಂಟುಮೂಟೆ ಕಟ್ಟಿಕೊಂಡು ಜೊತೆಗೆ ಹೋದರು. ಚಿತ್ರಗಳನ್ನು ನೋಡುವವರು ಊರಿನಲ್ಲೇ ಇದ್ದರು. ಸ್ಟುಡಿಯೋ ಪರರದ್ದಾಗಿತ್ತು, ಕಥೆ ನಮ್ಮದೇ ಆಗಿತ್ತು. ಹಾಗಾಗಿ ಈ ಎರಡು ಉದಾಹರಣೆಗಳೂ ನನ್ನ ವಾದವನ್ನು ಮುರಿಯುವುದಕ್ಕಿಂತ ಹೆಚ್ಚಾಗಿ ಬಿಗಿಗೊಳಿಸುತ್ತವೆ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಖಾರವಾದದ್ದು. ಊರಿನಲ್ಲಿದ್ದರೆ ಪಾತ್ರ ಸಿಗುತ್ತದೆಯೇ? ಕಪ್ಪು ಮೈಬಣ್ಣದ ಹುಡುಗಿಗೆ ನಮ್ಮ ಸಿನಿಮಾಗಳು ನಾಯಕಿಯ ಪಾತ್ರ ಕೊಡುತ್ತವೆಯೇ? ನಾಯಕನ ಮಗನೇ ನಾಯಕನಾಗುವ ಉದ್ಯಮದಲ್ಲಿ ಯಾರ ಬೆಂಬಲವೂ ಇಲ್ಲದವನು ಎಷ್ಟು ವರ್ಷ ‘ಗೆಳೆಯ ನಂಬರ್ ಮೂರು’ ಆಗಿರಬೇಕು? ಹೆಗ್ಗೋಡಿನಲ್ಲೋ ಮೈಸೂರಿನಲ್ಲೋ ಶ್ರದ್ಧೆಯಿಂದ ರಂಗಶಿಕ್ಷಣ ಪಡೆದು ಬಂದವರು ಬೆಂಗಳೂರಿನ ಧಾರಾವಾಹಿಗಳಲ್ಲಿ ದಿನಗೂಲಿಯ ಹಾಗೆ ಅಳುತ್ತಾ ನಿಂತದ್ದನ್ನು ನಾವೆಲ್ಲ ನೋಡಿದ್ದೇವೆ. ಈ ದೂರು ನ್ಯಾಯವಾದದ್ದು, ಊರಿನ ಕಥೆಗಳಲ್ಲೂ ಎಲ್ಲರಿಗೂ ಜಾಗವಿಲ್ಲ. ಹಾಗೆಂದು ಇಲ್ಲಿ ಜಾಗವಿಲ್ಲ ಎಂಬುದು ಅಲ್ಲಿ ಜಾಗವಿದೆ ಎಂಬುದಕ್ಕೆ ಪುರಾವೆಯಾಗುವುದಿಲ್ಲ. ಇಲ್ಲಿ ಬಣ್ಣದಿಂದಾಗಿ ತಿರಸ್ಕೃತಳಾದವಳನ್ನು ಅಲ್ಲಿ ಬಣ್ಣದಿಂದಾಗಿಯೇ ಆರಿಸಬಹುದು. ಆಗಲೂ ತೂಗಿದ್ದು ಅವಳ ಬಣ್ಣವನ್ನೇ.

ಲೆಕ್ಕಾಚಾರದ ಮಾತನ್ನೂ ಆಡಿಬಿಡಬೇಕು. ಪ್ರವಾಸಿ ವೀಸಾದ ಮೇಲೆ ಅಮೆರಿಕಕ್ಕೆ ಹೋಗಿ ಸಂಬಳಕ್ಕೆ ನಟಿಸುವಂತಿಲ್ಲ. ನಟರಂಥ ಕಲಾವಿದರಿಗೆ ಇರುವ ಓ-1ಬಿ ವೀಸಾ ಬೇಕೆಂದರೆ ಅಲ್ಲಿನ ನಿರ್ಮಾಪಕರೋ ಏಜೆಂಟರೋ ಅರ್ಜಿ ಹಾಕಬೇಕು, ಕಲಾವಿದರ ಸಂಘದ ಅಭಿಪ್ರಾಯ ಪತ್ರ ಬೇಕು, ಅಸಾಧಾರಣ ಸಾಧನೆಗೆ ದಾಖಲೆ ಬೇಕು: ವಿಮರ್ಶೆಗಳು, ಪ್ರಶಸ್ತಿಗಳು, ಮುಖ್ಯ ಪಾತ್ರಗಳು. ಅಂದರೆ ಇಲ್ಲಿ ಹೆಸರು ಮಾಡಿದವರಿಗೆ ಅಲ್ಲಿ ಬಾಗಿಲು, ಹೆಸರು ಮಾಡಲೆಂದೇ ಹೋಗುವವರಿಗೆ ಅಲ್ಲ. ವಿದ್ಯಾರ್ಥಿಯಾಗಿ ಹೋದರೆ ಓದು ಮುಗಿದ ಮೇಲೆ ಸಾಮಾನ್ಯವಾಗಿ 12 ತಿಂಗಳು ಕೆಲಸ ಮಾಡುವ ಅವಕಾಶ. ಆ ಅವಧಿಯೊಳಗೆ ಅಸಾಧಾರಣರಾಗಬೇಕು.

ಒಳಗೆ ಹೋದ ಮೇಲೂ ಬದುಕು ಹಗುರವಲ್ಲ. 2023ರಲ್ಲಿ ಅಮೆರಿಕದ ನಟರ ಸಂಘ 118 ದಿನ ಮುಷ್ಕರ ಹೂಡಿತ್ತು. ಸುಮಾರು 1,60,000 ಸದಸ್ಯರ ಸಂಘ ಅದು. ಆ ವರ್ಷ ಕನಿಷ್ಠ 26,470 ಡಾಲರ್ ದುಡಿದವರಿಗೆ ಸಂಘದ ಆರೋಗ್ಯ ವಿಮೆ ಸಿಗುತ್ತಿತ್ತು. ಅಷ್ಟು ಸಂಪಾದಿಸುವವರು ಏಳು ಮಂದಿಯಲ್ಲಿ ಒಬ್ಬರು ಎಂಬುದು ಆಗ ಎಲ್ಲರ ಬಾಯಲ್ಲೂ ಬಂದ ಲೆಕ್ಕ. ಅಲ್ಲೇ ಹುಟ್ಟಿ, ಅದೇ ಭಾಷೆಯಲ್ಲಿ ಬೆಳೆದವರ ಪಾಡು ಇದು. ಈ ಅಭದ್ರತೆಯನ್ನೇ ನಂಬಿಕೊಂಡು ಬದುಕುವ ವಂಚಕರೂ ಇದ್ದಾರೆ. ಅಲ್ಲಿನ ಏಜೆಂಟ್ ನಟನ ದುಡಿಮೆಯಿಂದ ಸಾಮಾನ್ಯವಾಗಿ ಶೇ. 10 ಪಡೆಯುತ್ತಾನೆ. ನಿಮ್ಮನ್ನು ಪ್ರತಿನಿಧಿಸುತ್ತೇನೆಂದು ಮುಂಗಡ ಹಣ ಕೇಳುವುದು ಕ್ಯಾಲಿಫೋರ್ನಿಯಾದಲ್ಲಿ ಕಾನೂನಿನ ಪ್ರಕಾರ ಅಪರಾಧ. ಮನೆ ಅಡವಿಟ್ಟು ಹಣ ಕಳಿಸುವ ತಂದೆತಾಯಿಗೆ ಈ ಒಂದು ಸಂಗತಿ ತಿಳಿದಿದ್ದರೂ ಸಾಕಷ್ಟು ನಷ್ಟ ತಪ್ಪುತ್ತದೆ.

ಹಾಗಾದರೆ ಹೋಗುವುದೇ ಬೇಡವೇ? ನಾನು ಹಾಗೆ ಹೇಳಲಾರೆ. ಕಲಿಯಲು ಹೋಗುವುದಕ್ಕೆ ನನ್ನ ಪೂರ್ಣ ಸಮ್ಮತಿ ಇದೆ. ಇಬ್ರಾಹಿಂ ಅಲ್ಕಾಜಿ ಲಂಡನ್ನಿನ ನಾಟಕ ಶಾಲೆ ರಾಡಾದಲ್ಲಿ ಕಲಿತು ಭಾರತಕ್ಕೆ ಹಿಂದಿರುಗಿದರು. 1962ರಿಂದ 15 ವರ್ಷ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯನ್ನು ಕಟ್ಟಿದರು. ನಾಸಿರುದ್ದೀನ್ ಶಾ, ಓಂ ಪುರಿ, ನಮ್ಮ ಬಿ. ಜಯಶ್ರೀ ಅಲ್ಲಿ ತಯಾರಾದವರು. ಅಲ್ಕಾಜಿ ಲಂಡನ್ನಿನಲ್ಲೇ ಉಳಿದಿದ್ದರೆ ಬ್ರಿಟಿಷ್ ರಂಗಭೂಮಿಗೆ ಒಬ್ಬ ಕಲಾವಿದ ಹೆಚ್ಚಾಗುತ್ತಿದ್ದ, ಭಾರತದ ರಂಗಭೂಮಿ ಒಂದು ತಲೆಮಾರನ್ನೇ ಕಳೆದುಕೊಳ್ಳುತ್ತಿತ್ತು. ಪಾತ್ರ ಕೈಗೆ ಸಿಕ್ಕಮೇಲೆ ಹೋಗುವುದೂ ಸರಿಯೇ. ಇರ್ಫಾನ್ ಖಾನ್ 2001ರ ‘ದಿ ವಾರಿಯರ್’ನಿಂದ 2012ರ ‘ಲೈಫ್ ಆಫ್ ಪೈ’ವರೆಗೆ ಹೊರಗಿನ ಚಿತ್ರಗಳಲ್ಲಿ ನಟಿಸುತ್ತಲೇ ಮುಂಬಯಿಯನ್ನು ನೆಲೆಯಾಗಿ ಇಟ್ಟುಕೊಂಡರು. ಈಗಂತೂ ಮೊದಲ ಸುತ್ತಿನ ಆಡಿಷನ್‌ಗೆ ವಿಮಾನ ಹತ್ತಬೇಕಿಲ್ಲ. ಬಸವನಗುಡಿಯ ಬಾಡಿಗೆ ಮನೆಯಲ್ಲಿ ಬಿಳಿ ಗೋಡೆಯ ಮುಂದೆ ನಿಂತು, ಮೊಬೈಲನ್ನು ಪುಸ್ತಕದ ರಾಶಿಗೆ ಒರಗಿಸಿ, ಫ್ಯಾನಿನ ಸದ್ದು ಬರದಂತೆ ಆರಿಸಿ, ಎದುರಿನ ಪಾತ್ರದ ಮಾತನ್ನು ತಂಗಿಯಿಂದ ಓದಿಸಿ ಸೆಲ್ಫ್ ಟೇಪ್ ಕಳಿಸಬಹುದು. ಇದಕ್ಕೆ ಆಗುವ ಖರ್ಚು ಒಂದು ಸಂಜೆ, ಜೊತೆಗೆ ತಂಗಿಯ ಗೊಣಗಾಟ.

ಹೋಗಿ ಅಲ್ಲೇ ನೆಲೆಸಲು ತೀರ್ಮಾನಿಸಿದವರಿಗೆ ಹೇಳುವುದು ಒಂದೇ. ಒಂಟಿಯಾಗಿ ಆಡಿಷನ್ನಿನ ಸಾಲಿನಲ್ಲಿ ನಿಂತರೆ ನೀವು ಇನ್ನೊಬ್ಬರ ಕಲ್ಪನೆಯ ಬಾಡಿಗೆದಾರರು. ಬರೆಯುವವರ ಜೊತೆ ಸೇರಿ, ಸಿಗದಿದ್ದರೆ ನೀವೇ ಬರೆಯಿರಿ. ಈ ಮಾತು ನಟರಿಗಷ್ಟೇ ಅಲ್ಲ, ಹೊರನಾಡಿನ ಕನ್ನಡಿಗರಿಗೂ ಸಲ್ಲುತ್ತದೆ. ಅಮೆರಿಕದಲ್ಲಿ ಕನ್ನಡ ಕೂಟಗಳಿವೆ, ಎರಡು ವರ್ಷಕ್ಕೊಮ್ಮೆ ಅವುಗಳ ಒಕ್ಕೂಟ ‘ಅಕ್ಕ’ದ ಸಮ್ಮೇಳನ ನಡೆಯುತ್ತದೆ, ಹವ್ಯಾಸಿ ನಾಟಕ ತಂಡಗಳೂ ಇವೆ. ವೇದಿಕೆಯಿದೆ, ಹಣವಿದೆ, ನೋಡುವ ಜನರಿದ್ದಾರೆ. ಆದರೆ ಅಲ್ಲಿ ಮೆರೆಯುವುದು ಹೆಚ್ಚಾಗಿ ಇಲ್ಲಿಂದ ಬಂದ ತಾರೆಯರು, ಇಲ್ಲಿನ ಹಾಡುಗಳು, ಇಲ್ಲಿನ ಹಳೆಯ ನಗೆನಾಟಕಗಳು. ಗ್ರೀನ್ ಕಾರ್ಡಿಗಾಗಿ ವರ್ಷಗಟ್ಟಲೆ ಕಾಯುವ ದಂಪತಿ, ಮೊಮ್ಮಕ್ಕಳ ಇಂಗ್ಲಿಷ್ ಅರ್ಥವಾಗದೆ ಆರು ತಿಂಗಳು ಸೋಫಾದ ಮೇಲೆ ಕೂತು ಹಿಂದಿರುಗುವ ಅಜ್ಜಿ, ಕೆಲಸ ಹೋದ ಸುದ್ದಿಯನ್ನು ಊರಿಗೆ ಹೇಳಲಾರದ ಮಗ: ಇವರೆಲ್ಲರ ಕಥೆ ಬರೆಯಬಲ್ಲವರು ಅಲ್ಲೇ ಬದುಕುತ್ತಿರುವ ಕನ್ನಡಿಗರು. ಕುರೇಶಿ ಮತ್ತು ಖಾನ್-ದಿನ್ ತಮ್ಮ ಮನೆಯ ಅಡುಗೆಮನೆಯಿಂದಲೇ ಕಥೆ ಎತ್ತಿಕೊಂಡರು, ಹೊರಗಿನಿಂದ ಯಾರ ಅಪ್ಪಣೆಗೂ ಕಾಯಲಿಲ್ಲ.

ಆದ್ದರಿಂದ ಮಗಳು ನಟನೆಗಾಗಿ ಹೊರದೇಶಕ್ಕೆ ಹೋಗುತ್ತೇನೆ ಎಂದಾಗ, ನಿನಗೆ ಪ್ರತಿಭೆ ಇದೆಯೇ ಎಂದು ಅವಳನ್ನು ನೋಯಿಸುವ ಅಗತ್ಯವಿಲ್ಲ. ಅದಕ್ಕೆ ಉತ್ತರ ಯಾರ ಬಳಿಯೂ ಇರುವುದಿಲ್ಲ. ಕೇಳಬೇಕಾದದ್ದು ಇಷ್ಟು: ಅಲ್ಲಿ ನಿನ್ನಂಥವಳಿಗೆ ನಲವತ್ತನೇ ವಯಸ್ಸಿನಲ್ಲಿ ಯಾವ ಪಾತ್ರಗಳಿವೆ? ಅವನ್ನು ಬರೆಯುತ್ತಿರುವವರ ಪೈಕಿ ನಿನಗೆ ಯಾರು ಗೊತ್ತು? ಯಾರೂ ಇಲ್ಲದಿದ್ದರೆ ನೀನೇ ಬರೆಯಬಲ್ಲೆಯಾ? ಮೂರರಲ್ಲಿ ಒಂದಕ್ಕಾದರೂ ಅವಳ ಬಳಿ ಉತ್ತರವಿದ್ದರೆ ಟಿಕೆಟ್ ತೆಗೆಸಿಕೊಡಿ. ಇಲ್ಲದಿದ್ದರೆ ಆ ದುಡ್ಡಿನಲ್ಲಿ ಇಲ್ಲೇ ಎರಡು ವರ್ಷ ರಂಗಭೂಮಿಯಲ್ಲಿ ದುಡಿಯಲು, ಬರೆಯಲು ಬಿಡಿ. ಅಷ್ಟರಲ್ಲಿ ಅವಳ ಹೆಸರಿಗೆ ನಾಲ್ಕು ಒಳ್ಳೆಯ ಪಾತ್ರಗಳು ಜಮೆಯಾದರೆ, ವೀಸಾ ಅಧಿಕಾರಿ ಕೇಳುವ ದಾಖಲೆಯೂ ಅವುಗಳಿಂದಲೇ ಹುಟ್ಟುತ್ತದೆ.